ಹುಲಿಗೆವ್ವನ ಬೆನ್ನು

ಆ ಊರಿಗೆ ಹೋದ ಮೊದಲ ದಿನವೇ ನಾನು ಕೊಡೆಯನ್ನು ಮನೆಯಲ್ಲಿ ಮರೆತು ಹೊರಟೆ. ನಾಲ್ಕು ಹೆಜ್ಜೆ ಹೋದ ಮೇಲೆ ನೆನಪಾಗಿ ತಿರುಗಿ ನಿಂತೆ. ಕಾಲು ಏಳಲಿಲ್ಲ. ಎಡಗಾಲೂ ಇಲ್ಲ, ಬಲಗಾಲೂ ಇಲ್ಲ. ಅಂಗಾಲನ್ನು ಯಾರೋ ನೆಲಕ್ಕೆ ಹೊಲಿದ ಹಾಗೆ. ಹಿಂದಿನಿಂದ ಬರುತ್ತಿದ್ದ ಇಬ್ಬರು ಗಂಡಸರು ನನ್ನ ಮುಖ ಕಂಡು ನಾಚಿ ಗೋಡೆಯ ಕಡೆ ನೋಡತೊಡಗಿದರು. ನನ್ನ ಒದ್ದಾಟ ಕೇಳಿಸಿತೋ ಏನೋ, ಮುಂದೆ ಹೋಗುತ್ತಿದ್ದ ಸೊಪ್ಪಿನ ಬುಟ್ಟಿಯ ಹೆಂಗಸು ಕತ್ತು ಕೂಡ ಹೊರಳಿಸದೆ, "ಹೊಸಬ್ರೇನವ್ವಾ? ಮುಂದಕ ತಿರುಗ್ರಿ, ಏಳ್ತಾವ," ಎಂದಳು. ತಿರುಗಿದೆ, ಎದ್ದವು. ಒಂದು ಕೊಡೆಗಾಗಿ ಇಡೀ ಊರು ಸುತ್ತಿ ಬರಬೇಕಾಯಿತು. ಬರುವಷ್ಟರಲ್ಲಿ ಮಳೆ ಸುರಿದು ನಿಂತೂ ಹೋಗಿತ್ತು.

ಊರಿಗಿದ್ದದ್ದು ಒಂದೇ ಬೀದಿ. ಗುಡ್ಡವನ್ನು ಬಳಸಿಕೊಂಡು ಹೋಗಿ ಹೊರಟಲ್ಲಿಗೇ ಬಂದು ಸೇರುತ್ತಿತ್ತು. ಮನೆಯೊಳಗೆ ಹೇಗೆ ಬೇಕಾದರೂ ಓಡಾಡಬಹುದು, ಹೊಸ್ತಿಲು ದಾಟಿದ ಮೇಲೆ ಮಾತ್ರ ಮುಂದಕ್ಕೇ ನಡೆಯಬೇಕು. ನಾನು ಬಾಡಿಗೆಗಿದ್ದ ಮನೆಯೊಡತಿ ಸಂಗವ್ವನ ತಂಗಿ ಇದ್ದದ್ದು ಹಿಂದಿನ ಮನೆಯಲ್ಲಿ, ನಡುವೆ ಒಂದೇ ಗೋಡೆ. ತಂಗಿ ಅಕ್ಕನ ಮನೆಗೆ ಒಂದು ಹೆಜ್ಜೆಯಲ್ಲಿ ಬರುತ್ತಿದ್ದಳು; ಅಕ್ಕ ತಂಗಿಯ ಮನೆಗೆ ಹೋಗಬೇಕೆಂದರೆ ಬುತ್ತಿ ಕಟ್ಟಿಕೊಂಡು ಹೊರಡಬೇಕು. ಇದೇ ಲೆಕ್ಕದಲ್ಲಿ ಅಲ್ಲಿನ ತಾಯಂದಿರು ಮಗಳನ್ನು ಹಿಂದಿನ ಮನೆಗೇ ಕೊಡಬೇಕು ಎನ್ನುತ್ತಾರೆ, ಅತ್ತರೆ ಒಂದೇ ಹೆಜ್ಜೆಗೆ ತವರು. ಅತ್ತೆಯಂದಿರು ಸೊಸೆಯನ್ನು ಹಿಂದಿನ ಮನೆಯಿಂದಲೇ ತರಬೇಕು ಎನ್ನುತ್ತಾರೆ, ತವರಿಗೆ ಹೋಗಲು ಅವಳು ಊರೆಲ್ಲ ಸುತ್ತಬೇಕು. ಮದುವೆ ಮಾತುಕತೆಯ ಅರ್ಧ ಜಗಳ ಇದೇ.

ನಾನು ಅಲ್ಲಿಗೆ ಹೋದದ್ದು ಪೇಟೆಯ ಉದ್ದನೆಯ ಗೋಡೆಯ ಮೇಲೆ ಊರಿನ ಚಿತ್ರ ಬರೆಯಲು. ಊರಿನ ಹಿರಿಯ ಸಾವಕಾರ ಗುರುಪಾದಪ್ಪ ಹೇಳಿ ಕಳಿಸಿದ್ದರು. ಊರವರೇ ಬರೆದರೆ ತಂತಮ್ಮ ಬಳಗದವರನ್ನೇ ದೊಡ್ಡದು ಮಾಡಿ ಬರೆಯುತ್ತಾರೆ, ಹೊರಗಿನವರಾದರೆ ನ್ಯಾಯವಾಗಿ ಬರೆಯುತ್ತಾರೆ ಎಂಬುದು ಅವರ ಆಲೋಚನೆ. ನಾನು ಮುಖ ಬರೆದು ಹೊಟ್ಟೆ ಹೊರೆದವಳು. ಮೂಗು ಸ್ವಲ್ಪ ಚೂಪು ಮಾಡಿ, ಬಣ್ಣ ಸ್ವಲ್ಪ ತಿಳಿ ಮಾಡಿ, ಗದ್ದದ ಕೆಳಗಿನದನ್ನು ತೆಗೆದುಬಿಡಿ—ಇದನ್ನೇ ಕೇಳಿ ಕೇಳಿ ಒಂದು ದಿನ ತಲೆಕೆಟ್ಟು, ಒಬ್ಬ ದೊಡ್ಡ ಮನುಷ್ಯನ ಮುಖವನ್ನು ಇದ್ದ ಹಾಗೇ ಬರೆದುಕೊಟ್ಟೆ. ಆಮೇಲೆ ನಮ್ಮ ಊರಿನಲ್ಲಿ ನನಗೆ ಕೆಲಸ ಹುಟ್ಟಲಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ನನ್ನ ಕೈಗೇ ಬರೆಯುವ ಆಸೆ ಹೋಗಿಬಿಟ್ಟಿತ್ತು. ಬೆಳಿಗ್ಗೆ ಎದ್ದು ಕುಂಚ ತೊಳೆಯುವುದು, ಸಂಜೆ ಒಣಗಿದ ಕುಂಚ ಎತ್ತಿಡುವುದು, ಇಷ್ಟೇ ನನ್ನ ದಿನಚರಿ. ಈ ಗೋಡೆಯೂ ಆಗದಿದ್ದರೆ ನಾನು ಚಿತ್ರಗಾತಿಯಲ್ಲ ಎಂದು ಒಪ್ಪಿಕೊಂಡು ಬೇರೇನಾದರೂ ಮಾಡಬೇಕಿತ್ತು.

ಹೊಸ ಊರನ್ನು ನಡೆದೇ ನೋಡಬೇಕು ಎನ್ನುವವಳು ನಾನು. ನಡೆದೆ. ದಿನವೂ ಒಂದು ಸುತ್ತು, ಕೆಲವು ದಿನ ಎರಡು. ಏನು ಕಂಡಿತು? ಬೆನ್ನು. ಎದುರಿಗೆ ಬರುವವರೇ ಇಲ್ಲದ ಊರಿನಲ್ಲಿ ಇನ್ನೇನು ಕಾಣಬೇಕು? ಮುಂದೆ ಬೆನ್ನು, ಅದರ ಮುಂದೆ ಇನ್ನೊಂದು ಬೆನ್ನು. ಕತ್ತು ಹೊರಳಿಸಿ ಹಿಂದಿನವರನ್ನು ನೋಡುವುದು ಬಚ್ಚಲಲ್ಲಿ ಇಣುಕಿದ ಹಾಗೆ ಎಂದು ಸಂಗವ್ವ ಮೊದಲ ದಿನವೇ ಎಚ್ಚರಿಸಿದ್ದಳು.

"ಮುಖ ಬರೆಯೋಳಿಗೆ ಬೆನ್ನಿನ ಊರು ಸಿಕ್ಕಿತು ನೋಡಿ," ಎಂದು ಅವಳ ಹತ್ತಿರ ಗೊಣಗಿದೆ.

"ಮುಖದಾಗ ಏನೈತಿ?" ಅವಳು ರೊಟ್ಟಿ ತಟ್ಟುತ್ತಲೇ ಹೇಳಿದಳು. "ಮುಖ ಸುಳ್ಳು ಹೇಳ್ತೈತಿ. ಬೆನ್ನಿಗೆ ಅಷ್ಟು ಬುದ್ಧಿ ಎಲ್ಲಿ ಐತಿ?"

ಮೂಗು ಮುರಿದೆ. ಆದರೆ ಮಾರನೆಯ ದಿನದಿಂದ ನೋಡುವ ರೀತಿ ಬದಲಾಯಿತು, ಅದನ್ನು ಒಪ್ಪಲೇಬೇಕು. ಅಲ್ಲಿಯ ಅಂಗಿಗಳಿಗೆ ಎದೆಯ ಕಡೆ ಬರೀ ಬಟ್ಟೆ, ಕಸೂತಿಯೆಲ್ಲ ಬೆನ್ನಿಗೆ. ಹೆಂಗಸರು ಕುಂಕುಮ ಇಡುವುದು ಹಣೆಗಲ್ಲ, ಕತ್ತಿನ ಹಿಂದೆ. ಕ್ಷೌರಿಕ ಹಿಂದಲೆಯನ್ನು ತಿದ್ದುವಷ್ಟು ಹೊತ್ತು ಗಡ್ಡವನ್ನು ತಿದ್ದುವುದಿಲ್ಲ. ಮನೆ ಮನೆಯ ಗೋಡೆಯ ಮೇಲೆ ತೀರಿಕೊಂಡ ಹಿರಿಯರ ಬೆನ್ನಿನ ಪಟ, ಅದಕ್ಕೊಂದು ಹೂವಿನ ಹಾರ. ಸಂಗವ್ವ ತನ್ನ ಗಂಡನ ಪಟ ತೋರಿಸಿ, "ಸಿಟ್ಟು ಬಂದಾಗ ಈ ಎಡ ಹೆಗಲು ಮ್ಯಾಲ ಏರ್ತಿತ್ತು," ಎಂದು ಕಣ್ಣೊರೆಸಿಕೊಂಡಳು. ಗುರುಪಾದಪ್ಪನವರು ಬೆಳಗಿನ ಗಂಟೆ ಬಾರಿಸಿದೊಡನೆ ಎಲ್ಲರಿಗಿಂತ ಮೊದಲು ಬೀದಿಗಿಳಿಯುತ್ತಿದ್ದರು, ದಾರಿಯುದ್ದಕ್ಕೂ ಊರವರು ಮನೆಗಳಿಂದ ಹೊರಟು ಅವರ ಹಿಂದೆ ಸೇರಿಕೊಳ್ಳುತ್ತಿದ್ದರು. ಅವರ ಜರಿ ಶಾಲಿನ ಬೆನ್ನನ್ನು ಕಾಗದದ ಮೇಲೆ ಬರೆದು ಕೊಟ್ಟಾಗ ಹಿಗ್ಗಿದರು. ಆಮೇಲೆ, "ಸ್ವಲ್ಪ ಗೂನು ಕಾಣ್ತೈತಲ್ಲ, ಅದೊಂದು ತಗದು ಬಿಡ್ರಿ," ಎಂದರು. ಬೆನ್ನಾದರೇನು, ಮುಖವಾದರೇನು, ಗಿರಾಕಿಯ ಬುದ್ಧಿ ಒಂದೇ. ನನ್ನ ಕೈ ಮತ್ತೆ ತಣ್ಣಗಾಯಿತು.

ಊಟದ ಗಂಟೆಯ ನಂತರ ಆ ಊರಿನ ಬಾಗಿಲು ಕಿಟಕಿಗಳೆಲ್ಲ ಮುಚ್ಚುತ್ತವೆ. ಬಿಸಿಲಿಗೆ ಇರಬೇಕು, ಮಲಗುತ್ತಾರೆ ಎಂದುಕೊಂಡಿದ್ದೆ. ಒಂದು ಮಧ್ಯಾಹ್ನ ನಿದ್ದೆ ಬಾರದೆ, ಬಿಸಿಲಿನಲ್ಲಿ ಗೋಡೆಗಳ ಬಣ್ಣ ಹೇಗೆ ಕಾಣುತ್ತದೋ ನೋಡೋಣವೆಂದು ಹೊರಬಿದ್ದೆ. ಸಂಗವ್ವ ಒಳಗೆ ಗೊರಕೆ ಹೊಡೆಯುತ್ತಿದ್ದಳು. ಈ ಹೊತ್ತಿನಲ್ಲಿ ಬೀದಿಗಿಳಿಯಬಾರದು ಎಂಬುದೊಂದನ್ನು ಹೇಳಬೇಕೆಂದು ಅವಳಿಗೆ ಹೊಳೆದಿರಲಿಲ್ಲ. ಉಸಿರಾಡುವುದನ್ನು ಯಾರಾದರೂ ಹೇಳಿಕೊಡುತ್ತಾರೆಯೇ? ಬೀದಿಯನ್ನು ಯಾರೋ ನುಣ್ಣಗೆ ಗುಡಿಸಿದ್ದರು. ಒಂದು ತಿರುವು ದಾಟಿದೆ, ಅವರು ಕಂಡರು.

ಕಸ ಗುಡಿಸುವ ಹೆಂಗಸರು. ಈ ಗೋಡೆಯಿಂದ ಆ ಗೋಡೆಯವರೆಗೆ ಒಂದೇ ಸಾಲಾಗಿ, ಹೆಗಲಿಗೆ ಹೆಗಲು ಕೊಟ್ಟು ನಡೆಯುತ್ತಿದ್ದರು. ಧೂಳು ಅವರ ಮುಂದೆ ಏಳುತ್ತಿತ್ತು, ಹಿಂದೆ ಬೀದಿ ತೊಳೆದಿಟ್ಟ ತಟ್ಟೆಯ ಹಾಗೆ. ಬೆನ್ನುಗಳು ಮಾತ್ರ—ನಾನು ನಿಂತುಬಿಟ್ಟೆ. ಇಡೀ ಊರಿನಲ್ಲಿ ಅಂಥ ಕಸೂತಿ ಕಂಡಿರಲಿಲ್ಲ. ಊರವರು ಎಸೆದ ಬಟ್ಟೆಗಳಿಂದ ಎಳೆ ಎಳೆಯಾಗಿ ಬಿಡಿಸಿದ ದಾರ, ಒಂದು ಬಣ್ಣ ಮುಗಿದಲ್ಲಿ ಇನ್ನೊಂದು ಬಣ್ಣ. ನಡುವಿನವಳದು ಅಗಲವಾದ ಬೆನ್ನು, ಬುಟ್ಟಿ ಹೊತ್ತು ಹೊತ್ತು ಬಲ ಹೆಗಲು ಇಳಿಬಿದ್ದಿತ್ತು. ಕಡುನೀಲಿ ಕುಪ್ಪಸದ ತುಂಬ ಒಂದು ನವಿಲು, ಅದರ ಗರಿ ಸೊಂಟ ಬಳಸಿ ಎಲ್ಲಿಗೋ ಹೋಗಿತ್ತು. ಅವಳು ಪೊರಕೆ ಬೀಸಿದಾಗೆಲ್ಲ ನವಿಲು ರೆಕ್ಕೆ ಸರಿಮಾಡಿಕೊಳ್ಳುತ್ತಿತ್ತು. ನನಗೆ ಅಳು ಬಂತು. ಒಂದು ವರ್ಷದ ಮೇಲೆ ಬೆರಳುಗಳು ತಾವಾಗಿಯೇ ಕುಂಚ ಹುಡುಕಿದವು.

ನನ್ನ ಚಪ್ಪಲಿಯ ಸದ್ದಿಗೆ ಪೊರಕೆಗಳೆಲ್ಲ ಒಮ್ಮೆಗೇ ನಿಂತವು. ಯಾರೂ ತಿರುಗಲಿಲ್ಲ.

"ಯಾರದು ಹಿಂದ?" ನವಿಲಿನವಳು ಕೇಳಿದಳು.

"ನಾನು. ಚಿತ್ರ ಬರೆಯೋಕೆ ಬಂದವಳು."

"ಹಿಂದ ಬರಬಾರದವ್ವಾ. ನಾವು ಗುಡಿಸಿದ್ದನ್ನ ನಾಕರ ಗಂಟಿ ಆಗೂತನಕ ಯಾರೂ ತುಳಿಯಂಗಿಲ್ಲ. ನಮ್ಮ ಹಿಂದ ಇವತ್ತಿನ ತನಕ ಯಾರೂ ಬಂದಿಲ್ಲ."

"ಗೊತ್ತಿರಲಿಲ್ಲ. ಈಗ ಹಿಂದಕ್ಕೆ ಹೋಗೋ ಹಾಗೂ ಇಲ್ಲವಲ್ಲ."

ಸಾಲಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. "ಅದೂ ಖರೇನ," ಎಂದಳು ಅವಳು. "ಬಾ ಹಂಗಾರ, ಸಾವಕಾಶ ಬಾ."

"ನಿನ್ನ ಬೆನ್ನ ಮೇಲೆ ನವಿಲಿದೆ," ಎಂದೆ.

ಅವಳ ಪೊರಕೆ ಮೇಲೇಳಲಿಲ್ಲ. "ಕಾಣ್ತೈತೇನು?" ಎಂದು ಕೇಳಿದಳು.

"ಕಣ್ಣು ತುಂಬ ಕಾಣುತ್ತೆ. ಹಿಂದೆ ಯಾರೂ ಬರೋದೇ ಇಲ್ಲ ಅಂದಮೇಲೆ ಯಾಕೆ ಹೊಲಿದೆ?"

"ಯಾರೂ ನೋಡೂದಿಲ್ಲಂತ ಬರೇ ಬೆನ್ನು ಹೊತಗೊಂಡು ಅಡ್ಡಾಡ್ಲೇನವ್ವಾ? ಮನ್ಯಾಗ ಒಬ್ಬಾಕಿನ ಇದ್ರ ನೀ ತಲಿ ಬಾಚ್ಕೊಳ್ಳೂದಿಲ್ಲೇನು?"

ಹೆಸರು ಕೇಳಿದೆ. ಹುಲಿಗೆವ್ವ ಎಂದಳು.

ನಾಲ್ಕರ ಗಂಟೆಗೆ ಊರು ಬಾಗಿಲು ತೆರೆದರೆ ಗುಡಿಸಿದ ಬೀದಿಯ ಮೇಲೆ ಒಂದು ಜೊತೆ ಚಪ್ಪಲಿಯ ಗುರುತು. ಜನ ಅದನ್ನು ತುಳಿಯದೆ ಪಕ್ಕದಲ್ಲಿ ಹಾಯ್ದು ಹೋದರು. ಸಂಗವ್ವ ನನ್ನನ್ನು ಬಾಗಿಲಲ್ಲೇ ತಡೆದು, "ಗುಡಸಾವ್ರ ಹಿಂದ ಹೋದ್ಯಾ? ಅವ್ರಽ ಕಡೀಕಿನವ್ರು, ಅವ್ರ ಹಿಂದ ಹೋದಾಕಿನ್ನ ಏನಂತ ಕರೀಬೇಕು?" ಎಂದು ಬಾಯಿಗೆ ಬಂದದ್ದು ಬೈದಳು. ಗುರುಪಾದಪ್ಪನವರು ಮಾತ್ರ ಹೊಸಬರು, ಗೊತ್ತಿರಲಿಲ್ಲ, ಬಿಟ್ಟುಬಿಡಿ ಎಂದು ದೊಡ್ಡತನ ತೋರಿಸಿದರು. ಗೊತ್ತಿಲ್ಲದೆ ತುಳಿದದ್ದು ಆ ಒಂದು ದಿನ. ಆಮೇಲಿನದೆಲ್ಲ ಗೊತ್ತಿದ್ದೇ ತುಳಿದದ್ದು.

ಮಾರನೆಯ ಮಧ್ಯಾಹ್ನ ಕಾಗದ, ಇದ್ದಿಲು ಹಿಡಿದುಕೊಂಡು ಹೋದೆ. ನಡೆಯುತ್ತಲೇ ಬರೆದೆ. ಬರೆದದ್ದನ್ನು ಅವಳ ಹೆಗಲ ಮೇಲಿಂದ ಮುಂದಕ್ಕೆ ಚಾಚಿದೆ. ಹುಲಿಗೆವ್ವ ಬೀದಿಯಲ್ಲಿ ನಡೆಯುವ ತನ್ನ ಬೆನ್ನನ್ನು ಮೊದಲ ಸಲ ನೋಡಿದಳು. ಹೆಗಲುಗಳು ಅಲುಗಾಡಿದವು. ಅಳುತ್ತಿದ್ದಾಳೆ ಅಂದುಕೊಂಡರೆ ನಗುತ್ತಿದ್ದಳು.

"ಅಯ್ಯ ನನ ಶಿವನ! ತೊಟ್ಕೊಂಡ್ರ ನವಿಲಿನ ಕುತ್ತಿಗಿ ಸೊಟ್ಟ ಆಗ್ತೈತಲ್ಲ! ಇಷ್ಟು ವರ್ಷ ಸೊಟ್ಟ ನವಿಲು ಹೊತಗೊಂಡು ಮೆರದೀನೇನು ನಾ?" ಇಡೀ ಸಾಲು ನಕ್ಕಿತು. ಆಮೇಲೆ ಅವಳು ನಿಜವಾಗಿಯೇ ಅತ್ತಳು. "ನಮ್ಮವ್ವ ಸತ್ತು ಭಾಳ ವರ್ಷ ಆತು," ಎಂದಳು. "ಮನ್ಯಾಗ ನೋಡೀನಿ ಆಕೀನ್ನ. ಬೀದ್ಯಾಗ ಹೆಂಗ ನಡೀತಿದ್ಲು ಅನ್ನೂದು ನನಗ ಗೊತ್ತಿಲ್ಲ. ಬಾಜೂಕ ನಿಂತು ಕಸಬರಿಗಿ ಹಿಡದೀನಿ, ಹಿಂದ ಒಂದ ದಿನ ನಿಂತಿಲ್ಲ. ನಮ್ಮ ಮನಿ ಗ್ವಾಡಿ ಮ್ಯಾಲ ಒಂದು ಪಟ ಇಲ್ಲ. ನೋಡದಿದ್ದದ್ದನ್ನ ಯಾರು ಬರೀತಾರು?"

"ನಿನ್ನನ್ನು ನಾನು ಬರೀತೀನಿ. ಪೇಟೆಯ ಗೋಡೆ ಮೇಲೆ."

"ಅಳಿಸ್ತಾರವ್ವಾ."

"ಅಳಿಸಲಿ, ನೋಡೋಣ."

ಮಾತು ಕೊಟ್ಟಾಯಿತು. ಗೋಡೆಯ ಉದ್ದಕ್ಕೂ ಪರದೆ ಕಟ್ಟಿಸಿಕೊಂಡು ಶುರುಮಾಡಿದೆ. ಆ ಊರಿನಲ್ಲಿ ಬೀದಿಬದಿಯ ಗೋಡೆಗೆ ಬರೆಯುವುದು ಹುಡುಗಾಟವಲ್ಲ. ಮುಂದಕ್ಕೆ ಸರಿಯುತ್ತಾ ಬರೆಯಬೇಕು, ಕೈ ತಪ್ಪಿದರೆ ತಿದ್ದಲು ಊರು ಸುತ್ತಿ ಬರಬೇಕು. ಒಂದೆರಡು ಸಲ ಹಾಗೆ ಸುತ್ತಿದ ಮೇಲೆ ನನ್ನ ಕೈಗೆ ಧೈರ್ಯ ಬಂತು. ಗೋಡೆ ಶುರುವಾಗುವಲ್ಲಿ, ನೆಲದಿಂದ ಮಾಡಿನವರೆಗೆ, ಹುಲಿಗೆವ್ವ ಮತ್ತು ಅವಳ ಸಾಲು. ಅವರ ಮುಂದೆ ಸೊಪ್ಪಿನವಳು, ಕ್ಷೌರಿಕ, ಸಂಗವ್ವ, ಅವಳ ತಂಗಿ, ಊರಿಗೆ ಊರೇ. ಮುಂದೆ ಹೋದಷ್ಟೂ ಬೀದಿ ಸಣ್ಣದಾಗುತ್ತಾ, ಜನ ಸಣ್ಣವರಾಗುತ್ತಾ ಹೋಗಿ, ಗೋಡೆ ಮುಗಿಯುವಲ್ಲಿ ಎಲ್ಲರಿಗಿಂತ ಮುಂದೆ ಗುರುಪಾದಪ್ಪನವರು, ಜರಿ ಶಾಲು ಹೊದ್ದು, ಹೆಬ್ಬೆರಳಿನಷ್ಟು. ಬರೆಯುವಾಗ ನಾನು ಹಾಡಿಕೊಳ್ಳುತ್ತಿದ್ದೆನಂತೆ, ಸಂಗವ್ವ ಹೇಳಿದಳು.

ಪರದೆ ಸರಿಸಿದ ಬೆಳಿಗ್ಗೆ ಮೊದಲು ಬಂದವರು ಗುರುಪಾದಪ್ಪನವರೇ. ನಾನು ಗೋಡೆಯ ಆಚೆ ತುದಿಯಲ್ಲಿ ನಿಂತು ಪರದೆಯ ಹಗ್ಗ ಹಿಡಿದುಕೊಂಡಿದ್ದೆ. ಅವರ ಮೆಟ್ಟಿನ ಸದ್ದು ಗೋಡೆಯ ಆರಂಭದಲ್ಲಿ ನಿಂತಿತು. ಆಮೇಲೆ ನಿಧಾನವಾಗಿ ಮುಂದೆ ಬಂತು, ಆಮೇಲೆ ಬೇಗ ಬೇಗ. ತಮ್ಮನ್ನೇ ಹುಡುಕುತ್ತಿದ್ದರು. ಹೆಬ್ಬೆರಳು ಸಿಗುವಷ್ಟರಲ್ಲಿ ಗೋಡೆ ಮುಗಿದು ಅವರು ನನ್ನನ್ನೂ ದಾಟಿದ್ದರು. ಮತ್ತೊಮ್ಮೆ ನೋಡಲು ಊರು ಸುತ್ತಿ ಬಂದರು. ಮೂರನೆಯ ಸಲ ಗೋಡೆಗೆ ಹೋಗದೆ ಸಂಗವ್ವನ ಮನೆಯೊಳಕ್ಕೇ ಬಂದು ನನ್ನೆದುರು ಕೂತರು, ಬೆವರೊರೆಸಿಕೊಳ್ಳುತ್ತಾ.

"ನಾ ಎಲ್ಲಾರಿಗಿಂತ ಮುಂದ ಇರಾಂವ. ನಾನಽ ಎಲ್ಲಾರಿಗಿಂತ ಸಣ್ಣಾಂವ ಹೆಂಗ ಆದೆ?"

"ಮುಂದಿದ್ದೀರಲ್ಲ, ಅದಕ್ಕೇ. ಹಿಂದೆ ನಿಂತು ನೋಡಿದರೆ ಮುಂದಿನವರು ಸಣ್ಣದಾಗೇ ಕಾಣೋದು."

"ಹಿಂದ ನಿಂದ್ರಾಕ ನಿಮಗ ಯಾರು ಹೇಳಿದ್ರು?"

"ಬೇರೆ ಎಲ್ಲಿ ನಿಂತರೂ ಯಾರೋ ಒಬ್ಬರು ಬಿಟ್ಟು ಹೋಗ್ತಾರೆ, ಸಾವಕಾರ್ರೇ. ಊರೆಲ್ಲ ಕಾಣೋದು ಅಲ್ಲಿಂದ ಮಾತ್ರ."

"ಆಕೀನ್ನ ತಗೀರಿ. ಉಳದದ್ದು ಇರಲಿ."

"ಅವಳನ್ನು ತೆಗೆದರೆ ಉಳಿದದ್ದಕ್ಕೆ ಅರ್ಥವೇ ಇಲ್ಲ. ತೆಗೆಯೋದಿಲ್ಲ."

ಅವರ ಮುಖ ಕೆಂಪಾಯಿತು. ನಾನು ಜಗ್ಗಲಿಲ್ಲ, ಒಂದು ಸಲ ಮೂಗು ಚೂಪು ಮಾಡಿಕೊಟ್ಟವಳ ಗತಿ ಏನಾಗುತ್ತದೆಂದು ನನಗೆ ಚೆನ್ನಾಗಿ ಗೊತ್ತಿತ್ತು. ಗೋಡೆಗೆ ಸುಣ್ಣ ಬಳಿಯಲು ಅಪ್ಪಣೆಯಾಯಿತು. ಅಲ್ಲೇ ಒಂದು ತೊಡಕು ಬಂತು. ಆ ಊರಿನಲ್ಲಿ ಸುಣ್ಣ ಬಳಿಯುವುದೂ ಗುಡಿಸುವವರ ಕೆಲಸವೇ, ಬೇರೆಯವರು ಸುಣ್ಣದ ಕುಂಚ ಮುಟ್ಟುವುದಿಲ್ಲ. ಹುಲಿಗೆವ್ವ ಹೇಳಿ ಕಳಿಸಿದಳು: "ಕಸ ಇದ್ರ ಗುಡಸ್ತೀವಿ. ಅದು ಕಸ ಅಲ್ಲ."

ಅವಳ ಕೆಲಸ ಹೋಗುತ್ತದೆ, ಮನೆ ಹೋಗುತ್ತದೆ ಎಂದೆಲ್ಲ ಬೆದರಿಸಿದರು. ಸಾಲಿನ ಒಬ್ಬಳಾದರೂ ಕುಂಚ ಹಿಡಿಯಲಿಲ್ಲ. ಕೊನೆಗೆ ಗುರುಪಾದಪ್ಪನವರು ತಾವೇ ಬಳಿಯುವುದೆಂದು ತೀರ್ಮಾನಿಸಿದರು. ಸುಣ್ಣದ ಬಕೆಟ್ಟು ಹಿಡಿದದ್ದನ್ನು ಊರವರು ನೋಡಬಾರದಲ್ಲ, ಅದಕ್ಕೆ ಮಧ್ಯಾಹ್ನದ ಹೊತ್ತು ಆರಿಸಿಕೊಂಡರು. ಮಧ್ಯಾಹ್ನ ಬೀದಿಯಲ್ಲಿ ಯಾರಿರುತ್ತಾರೆಂಬುದನ್ನು ಸಿಟ್ಟಿನಲ್ಲಿ ಮರೆತಿದ್ದರು.

ಸಂಗವ್ವ ಮುಚ್ಚಿದ ಕಿಟಕಿಯ ಸಂದಿಯಿಂದ ನೋಡಿ ನನ್ನನ್ನು ಕೂಗಿ ಕರೆದಳು. ಹೆಂಗಸರ ಸಾಲು ಗೋಡೆಯಿಂದ ಗೋಡೆಗೆ ಹಬ್ಬಿಕೊಂಡು ಎಂದಿನ ನಿಧಾನದಲ್ಲೇ ನಡೆಯುತ್ತಿತ್ತು. ಅವರ ಹಿಂದೆ, ದಾಟಿ ಹೋಗಲು ಸಂದಿಲ್ಲದೆ, ಬಕೆಟ್ಟು ಹಿಡಿದ ಸಾವಕಾರರು, ಊರಿಗೆಲ್ಲ ಕೊನೆಯವರಾಗಿ ನಡೆಯುತ್ತಿದ್ದರು. ಹುಲಿಗೆವ್ವನ ನವಿಲು ಅವರ ಮೂಗಿನೆದುರಿಗೇ ಇತ್ತು. ಒಂದು ಕಿಟಕಿ ಕಿರ್ರೆಂದಿತು, ಇನ್ನೊಂದು ತೆರೆಯಿತು.

ನಾನು ಬಣ್ಣದ ಪುಡಿ, ಕುಂಚಗಳನ್ನು ಸೆರಗಿನಲ್ಲಿ ಕಟ್ಟಿಕೊಂಡು, ನೀರಿನ ಚೊಂಬು ಹಿಡಿದು ಹೊಸ್ತಿಲು ದಾಟಿದೆ. ಹಿಂದೆ ಚಪ್ಪಲಿಯ ಸದ್ದಾಯಿತು. "ನಾನೂ ಬರ್ತೀನಿ ನಡಿ," ಎಂದಳು ಸಂಗವ್ವ. "ಗುಡಿಸಿದ್ದನ್ನು ತುಳೀತೀಯಾ?" ಎಂದೆ. "ಸಾವಕಾರ್ರಽ ತುಳದಾರ, ನಂದೇನು?" ಅವಳ ಹಿಂದೆ ಅವಳ ತಂಗಿ. ಬಾಗಿಲುಗಳು ತೆರೆಯುವುದು ಒಂದರ ಹಿಂದೊಂದು ಕೇಳಿಸುತ್ತಾ ಹೋಯಿತು.

ಗೋಡೆಯ ಬಳಿ ಹೆಂಗಸರು ಸ್ವಲ್ಪ ಮುಂದೆ ಹೋಗಿ ಪೊರಕೆ ಊರಿ ನಿಂತುಬಿಟ್ಟರು. ಗುರುಪಾದಪ್ಪನವರು ಬಕೆಟ್ಟು ಇಳಿಸಿ, ಪಂಚೆ ಎತ್ತಿ ಕಟ್ಟಿ, ಹುಲಿಗೆವ್ವನ ಚಿತ್ರದಿಂದಲೇ ಶುರುಮಾಡಿದರು. ದಪ್ಪಗೆ ಬಳಿದರು, ಸಿಟ್ಟೆಲ್ಲ ಕೈಗೆ ಬಂದಿತ್ತು. ನವಿಲು ಹೋಯಿತು, ಇಳಿದ ಹೆಗಲು ಹೋಯಿತು. ನಾನು ಮೊದಲು ಬರೆದದ್ದು ಒಣ ಗೋಡೆಯ ಮೇಲೆ, ಅಂಟು ಬೆರೆಸಿದ ಬಣ್ಣದಲ್ಲಿ. ಉಗುರಿನಿಂದ ಕೆರೆದರೂ ಬರುವಂಥದು. ಹಸಿ ಸುಣ್ಣದ ಮಾತು ಬೇರೆ. ಹಸಿಯಿದ್ದಾಗ ಬರೀ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಿದರೆ ಸುಣ್ಣ ಅದನ್ನು ಕುಡಿದು ಒಳಗೆ ಇಟ್ಟುಕೊಳ್ಳುತ್ತದೆ. ಒಣಗಿದ ಮೇಲೆ ಗೋಡೆ ಕೆಡವಬೇಕೇ ಹೊರತು ಬಣ್ಣ ಬರುವುದಿಲ್ಲ. ಅಷ್ಟು ದಪ್ಪ ಸುಣ್ಣವನ್ನು ಅಷ್ಟು ಚೆನ್ನಾಗಿ ನನಗೆ ಇನ್ಯಾರು ಬಳಿದುಕೊಡುತ್ತಿದ್ದರು?

ಅವರು ಬಳಿಯುತ್ತಾ ಮುಂದೆ ಸರಿದರು. ಅವರು ಬಿಟ್ಟ ಜಾಗದಲ್ಲಿ ನಾನು ನಿಂತೆ, ಚೊಂಬಿನ ನೀರಿಗೆ ಕಡುನೀಲಿ ಕಲಸಿದೆ. ತಿದ್ದಲು ಸಮಯವಿಲ್ಲ, ಕೈ ತಪ್ಪುವ ಹಾಗಿಲ್ಲ. ಕತ್ತೆತ್ತಿ ನೋಡಿದೆ. ಹುಲಿಗೆವ್ವ ಬಿಸಿಲಿನಲ್ಲಿ ಅಲುಗದೆ, ಹೆಗಲು ಬಿಚ್ಚಿ, ತಲೆಯೆತ್ತಿ ನಿಂತಿದ್ದಳು. ನನಗೆ ಕಾಣಲೆಂದೇ ನಿಂತಿದ್ದಳು. ನನ್ನ ಬೆನ್ನ ಹಿಂದೆ ನೆರೆದ ಊರಿಗೂ ಅವಳು ಕಾಣುತ್ತಿದ್ದಳು, ಮೊದಲ ಸಲ. ಮುದುಕಿಯೊಬ್ಬಳು, "ಎಷ್ಟು ಛಂದ ನಿಂತಾಳ," ಎಂದು ಉಸಿರೆಳೆದುಕೊಂಡಳು.

ನಾನು ಬರೆದೆ. ಹೆಗಲು, ಕತ್ತು, ಸೊಂಟ, ಪೊರಕೆ ಹಿಡಿದ ಮೊಣಕೈ. ಸುಣ್ಣ ಬಣ್ಣವನ್ನು ಎಳೆದುಕೊಳ್ಳುವುದು ಕುಂಚದ ತುದಿಗೇ ತಿಳಿಯುತ್ತಿತ್ತು. ಅಷ್ಟು ಸಂತೋಷ ನನಗೆ ಜೀವನದಲ್ಲಿ ಆದದ್ದಿಲ್ಲ.

ಮುಂದೆ ಗುರುಪಾದಪ್ಪನವರ ಕೈ ನಿಂತಿತು. ಹಿಂದೆ ಇಷ್ಟು ಜನರ ಉಸಿರು ಕೇಳಿಸಿರಬೇಕು, ಕುಂಚದ ಸದ್ದೂ. ಕತ್ತು ಹೊರಳಿಸುವ ಹಾಗಿಲ್ಲ. ಹೊರಳಿಸಿದರೂ ಕಾಲು ಬರುವುದಿಲ್ಲ. ಬಿಳಿ ಗೋಡೆಯನ್ನೇ ದಿಟ್ಟಿಸುತ್ತಾ ಕೂಗಿದರು: "ಹಿಂದ ಏನು ನಡದೈತಿ?"

ನಾನು ಕುಂಚ ಓಡಿಸುತ್ತಲೇ ಇದ್ದೆ. "ಏನು ನಡದೈತಿ ಅಂತ ಕೇಳಾಕತ್ತೀನಿ!" ಎಂದರು ಮತ್ತೆ, ದನಿ ಒಡೆದಿತ್ತು.

"ನೀವು ಮುಂದ ಇರಾವ್ರು ಸಾವಕಾರ್ರ," ಸಂಗವ್ವ ನನ್ನ ಹಿಂದಿನಿಂದ ಬಹಳ ವಿನಯವಾಗಿ ಹೇಳಿದಳು, "ಮುಂದ ನಡೀರಿ."

ಹೆಂಗಸರು ಸಾಲಿನ ನಡುವೆ ಒಬ್ಬರು ಹಾಯುವಷ್ಟು ದಾರಿ ಬಿಟ್ಟರು. ಸಾವಕಾರರು ಬಕೆಟ್ಟು ಎತ್ತಿಕೊಂಡು ನಡೆದರು. ಊರನ್ನೆಲ್ಲ ಸುತ್ತಿ ಮತ್ತೆ ಅದೇ ಗೋಡೆಯ ಮುಂದೆ ಬಂದು ನಿಲ್ಲುವಷ್ಟರಲ್ಲಿ ಸುಣ್ಣ ಒಣಗಿತ್ತು.